ಒಳಗೆ ಬಿಟ್ಟ ಬಟ್ಟೆ

ಮಾಗಿಯ ಚಳಿ ಆಗಷ್ಟೇ ಕಚ್ಚತೊಡಗಿದ್ದ ದಿನಗಳು. ದೀಪ ಹಾಕುವ ಹೊತ್ತು. ಬೀದಿಯ ಕೊನೆಯ ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿಯ ಹಬೆ ಆರಿ, ಹಿಂದಿನ ಕೋಣೆಯೆಲ್ಲ ಒದ್ದೆ ಉಣ್ಣೆಯ ವಾಸನೆ ಹೊಡೆಯುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದವಳು ಮೂಲೆಯ ಮೊಳೆಗೆ ತೂಗಿದ್ದ ಕಪ್ಪು ಕೋಟನ್ನು ಇಳಿಸಿ ಧೂಳು ಕೊಡವಿದಳು.

“ಅದು ಬೇಡ ಕಣಮ್ಮ. ಅಲ್ಲೇ ನೇತುಹಾಕು.”

ಹೇಳಿದವಳು ಕಾಜಾ ಅಜ್ಜಿ. ಗುಂಡಿ ತೂರಿಸುವ ಕಾಜಾ ಹೊಲಿಯುವುದೊಂದೇ ಅವಳ ಕೆಲಸವಾದ್ದರಿಂದ ಆ ಹೆಸರು. ಅವಳ ಬೆರಳುಗಳು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿ ನಿಂತುಬಿಟ್ಟಿದ್ದವು. ಸೂಜಿ ಹಿಡಿಯಲು ಎಷ್ಟು ಸಂದು ಬೇಕೋ ಅಷ್ಟೇ ಉಳಿದಿತ್ತು. ಎಪ್ಪತ್ತು ದಾಟಿದರೂ ಮುಖದಲ್ಲಿ ಒಂದು ಗೆರೆ ಇರಲಿಲ್ಲ. ಇಸ್ತ್ರಿ ತಿಕ್ಕಿದ ಹಾಗೆ ಹೊಳೆಯುವ ಮುಖ, ಅದರಲ್ಲಿ ಅವಳೇ ಹೊಲಿದ ಕಾಜಾದಂಥ ಪುಟ್ಟ ಬಾಯಿ. ಆ ಮುಖ ನಕ್ಕದ್ದನ್ನಾಗಲಿ ಅತ್ತದ್ದನ್ನಾಗಲಿ ಅಂಗಡಿಯಲ್ಲಿ ಯಾರೂ ಕಂಡವರಿಲ್ಲ.

“ಯಾಕಜ್ಜಿ, ದೆವ್ವದ ಕೋಟಾ ಇದು? ರಾತ್ರಿ ಬಂದು ಕೇಳುತ್ತಾ?” ಎಂದಳು ಹೊಸಬಳು.

ಓವರ್‌ಲಾಕ್ ಮಿಷನ್ನಿನ ಮುಂದೆ ಕೂತು ಬಟ್ಟೆಯ ಅಂಚು ಕಟ್ಟುವವನು, ಎಲ್ಲರೂ ಓವರ್‌ಲಾಕ್ ಮಾಮ ಎನ್ನುವವನು, ನೂಲು ಕಚ್ಚಿ ಕತ್ತರಿಸುತ್ತ ನಕ್ಕ. “ಬಂದರೆ ಒಳ್ಳೇದೇ ಅಲ್ವೇನಮ್ಮ, ಗಿರಾಕಿ ಅಂತ ಒಂದು ಬಂದ ಹಾಗಾಯ್ತು.”

ಅಜ್ಜಿ ನಗಲಿಲ್ಲ. “ಹಾಕ್ಕೊಳ್ಳೋದಾದರೆ ಹಾಕ್ಕೋ. ಚಳಿಗೆ ಯಾರು ಬೇಡ ಅಂತಾರೆ. ಟೈಟ್ ಮಾತ್ರ ಮಾಡಬೇಡ. ಮನಸ್ಸು ತಡೀದೆ ಮಾಡಿದರೂ, ಒಳಗೆ ಬಟ್ಟೆ ಬಿಡು. ನಿನ್ನ ಕಾಲಿಗೆ ಬೀಳ್ತೀನಿ, ಬಿಡು.”

ಒಳಗೆ ಬಟ್ಟೆ ಬಿಡುವುದು ಆ ಅಂಗಡಿಯ ಕಟ್ಟಳೆ. ಈಗಿನ ಯಜಮಾನನ ಅಪ್ಪ, ದೊಡ್ಡ ಮೇಸ್ತ್ರಿ ಎಂದು ಹೆಸರಾದವನು, ಹಾಕಿಕೊಟ್ಟ ಪದ್ಧತಿ. ಯಾರ ಬಟ್ಟೆಯೇ ಆಗಲಿ, ಹೊಲಿಗೆಯಾಚೆ ಎರಡು ಬೆರಳು ಬಟ್ಟೆ ಒಳಗೇ ಮಡಚಿರಬೇಕು. ಮೈ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ. ಬಿಚ್ಚಿ ಬಿಡಲು ಜಾಗ ಇರಬೇಕು. ಹೊಸಬಳು ಬಂದದ್ದು ದೊಡ್ಡ ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ. ಅಲ್ಲಿ ಕೂದಲೆಳೆ ಬಟ್ಟೆ ಹೆಚ್ಚು ಬಿಟ್ಟರೂ ಸೂಪರ್‌ವೈಸರ್ ಬಟ್ಟೆಯ ಕಟ್ಟನ್ನೇ ಮುಖಕ್ಕೆಸೆಯುತ್ತಿದ್ದ. ಅವಳ ಕತ್ತರಿ ಹೊಲಿಗೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಓಡುತ್ತಿತ್ತು. ಬಂದ ವಾರದಲ್ಲೇ ಅಂಗಡಿಯಲ್ಲಿ ಕತ್ತರಿಯಮ್ಮ ಎಂದು ಹೆಸರು ಬಿದ್ದಿತ್ತು.

“ನಾನೇನು ದಪ್ಪ ಆಗೋ ಪೈಕಿನಾ ಅಜ್ಜಿ?” ಎಂದು ಕೋಟನ್ನು ಬಗಲಿಗೆ ಇಟ್ಟುಕೊಂಡಳು. “ಮಾಟನೂ ಇಲ್ಲ, ಮಣ್ಣೂ ಇಲ್ಲ. ನೀವು ಮಾತ್ರ ಮುಖಕ್ಕೆ ಏನು ಹಚ್ತೀರ ಅಂತ ಹೇಳಿಬಿಡಿ. ಒಂದು ಸುಕ್ಕಿಲ್ಲ, ಹೊಟ್ಟೆ ಉರಿಯುತ್ತೆ ನೋಡಿದರೆ.”

ಅಜ್ಜಿ ತಲೆ ತಗ್ಗಿಸಿ ಸೂಜಿಗೆ ದಾರ ಹುಡುಕತೊಡಗಿದಳು.

ಕತ್ತರಿಯಮ್ಮನಿಗೆ ಆ ಚಳಿಗಾಲ ದಾಟಬೇಕಿತ್ತು, ಅಷ್ಟೇ. ಗಂಡ ಎನ್ನುವವನು ಎಂದೋ ಕೈ ಬಿಟ್ಟಿದ್ದ. ಒಬ್ಬಳೇ ಮಗಳು, ಪುಟ್ಟಿ, ಬೇರೆ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ಶಾಲೆಗೆ ರಜೆ ಬಿಟ್ಟ ಕೂಡಲೇ ಕರೆತಂದು ತನ್ನ ಜೊತೆಗೇ ಇಟ್ಟುಕೊಳ್ಳುವುದು, ಇಲ್ಲಿಯ ಶಾಲೆಗೆ ಸೇರಿಸುವುದು. ಈ ಒಂದು ಯೋಚನೆಯ ಮೇಲೆ ಅವಳು ಉಸಿರು ಹಿಡಿದಿದ್ದಳು. ಬಾಡಿಗೆ ಕೋಣೆಯ ಬಾಗಿಲ ಹಿಂದೆ ಎರಡು ಮೊಳೆ ಹೊಡೆದಿದ್ದಳು: ಒಂದು ತನ್ನ ಎತ್ತರಕ್ಕೆ, ಒಂದು ಮಗಳ ಎತ್ತರಕ್ಕೆ. ಸಂಜೆ ಬೀಗ ತೆಗೆದು ಒಳಗೆ ಹೋದರೆ ಮಾತಾಡಿಸುವವರಿಲ್ಲ. ನಲ್ಲಿ ತೊಟ್ಟಿಕ್ಕಿದರೆ “ಬಂದೆ ಇರು” ಎನ್ನುವಳು. ಸ್ಟವ್ ಹತ್ತದಿದ್ದರೆ ಅದಕ್ಕೇ ಬೈಯುವಳು. ಹಾಗಾದರೂ ಮನೆಯಲ್ಲೊಂದು ದನಿ ಇರುತ್ತಿತ್ತು.

ಆ ಸಂಜೆಯೇ ಕೂತು ಕೋಟನ್ನು ಬಿಚ್ಚಿದಳು. ಒಳಗಿನ ಹಳೇ ದಾರ ಬಿಚ್ಚುತ್ತಿದ್ದ ಹಾಗೆ ಸುಟ್ಟ ಕೂದಲಿನ ಕಮಟು ಮೂಗಿಗೆ ಅಡರಿತು. ಎಷ್ಟು ಬಟ್ಟೆ ಒಳಗೆ! ಪಕ್ಕದಲ್ಲಿ, ಬೆನ್ನಿನಲ್ಲಿ, ತೋಳಿನ ಉದ್ದಕ್ಕೂ. ತನ್ನ ಮೈಗೆ ಹಿಡಿದು ಗೆರೆ ಎಳೆದಳು. ಹೊಲಿದಳು. ಆಮೇಲೆ ಕತ್ತರಿ ಕೈಗೆತ್ತಿಕೊಂಡು ಹೊಲಿಗೆಯಾಚೆಯದನ್ನೆಲ್ಲ ಒಂದೇ ಓಟದಲ್ಲಿ ಕತ್ತರಿಸಿ ಹಾಕಿದಳು. ಕರ್ರ್, ಕರ್ರ್. ಬುಡಕ್ಕೆ.

ಬಟ್ಟೆಯ ಚೂರನ್ನು ಎಸೆಯುವ ಜಾತಿಯವಳಲ್ಲ ಅವಳು. ಎಡಗೈ ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಪಿನ್ನು ಚುಚ್ಚಿಡುವ ಪುಟ್ಟ ದಿಂಬು ಸೊರಗಿತ್ತು. ಚೂರುಗಳನ್ನು ಅದಕ್ಕೆ ತುರುಕಿ ಬಾಯಿ ಹೊಲಿದಳು. ತೋಳಿನಿಂದ ಬಂದ ಎರಡು ಉದ್ದನೆಯ ಪಟ್ಟಿಗಳು ಚೆನ್ನಾಗಿದ್ದವು. ಪುಟ್ಟಿಯ ಶಾಲೆಯ ಸ್ವೆಟರ್ ತೋಳು ಗಿಡ್ಡವಾಗಿದೆ ಎಂದು ಅಕ್ಕ ಕಳಿಸಿದ್ದಳು. ಪಟ್ಟಿಗಳನ್ನು ಅದರ ತುದಿಗೆ ಕೊಟ್ಟು, ತೋಳು ಉದ್ದ ಮಾಡಿ, ಪಾರ್ಸೆಲ್ ಮಾಡಿ ಕಳಿಸಿಕೊಟ್ಟಳು.

ಮರುದಿನ ಕೋಟು ತೊಟ್ಟು ಬಂದಾಗ ಓವರ್‌ಲಾಕ್ ಮಾಮ ಎದ್ದು ನಿಂತು ಸಲಾಂ ಹೊಡೆದ. ಕಾಜಾ ಅಜ್ಜಿ ಒಂದೇ ಒಂದು ಮಾತು ಕೇಳಿದಳು. “ಒಳಗೆ ಬಿಟ್ಟಿದ್ದೀಯ ತಾನೇ?”

“ಓ, ಬೇಕಾದಷ್ಟು,” ಎಂದಳು ಕತ್ತರಿಯಮ್ಮ. ಮುದುಕಿಯ ಸಮಾಧಾನಕ್ಕೆ ಒಂದು ಸುಳ್ಳು.

ಮೊದಲು ಹೋದದ್ದು ಬೆರಳು. ಒಂದು ಬೆಳಿಗ್ಗೆ ನಲ್ಲಿಯ ಕೆಳಗೆ ಕೈಯೊಡ್ಡಿದರೆ ತುದಿಗಳು ಸೀಮೆಸುಣ್ಣದ ಹಾಗೆ ಬೆಳ್ಳಗಾದವು. ರಕ್ತವನ್ನು ಯಾರೋ ಹಿಂಡಿ ಹಿಂದಕ್ಕೆ ತಳ್ಳಿದ ಹಾಗೆ. ನೋಡುತ್ತಿದ್ದಂತೆ ನೀಲಿ, ಆಮೇಲೆ ಕೆಂಪು. ಚುಚ್ಚಿದಂಥ ನೋವು. ಚಳಿ, ಎಂದುಕೊಂಡಳು. ಕೆಲವೇ ವಾರದಲ್ಲಿ ಬೆರಳು ಊದಿ ಉಂಗುರ ಕಳಚದಾಯಿತು. ಊತ ಇಳಿದ ಮೇಲೆ ಚರ್ಮ ಸಡಿಲವಾಗಲಿಲ್ಲ. ಮೂಳೆಗೆ ಅಂಟಿಕೊಂಡು ಬಿಗಿಯಿತು. ಹೊಳೆಯಿತು. ಕತ್ತರಿಯ ಹಿಡಿಯೊಳಗೆ ಬೆರಳು ತೂರುವುದೇ ಕಷ್ಟವಾಯಿತು.

ಭಾನುವಾರದ ಫೋನಿನಲ್ಲಿ ಪುಟ್ಟಿ ಹರಟುವಳು. “ಅಮ್ಮ, ಸ್ವೆಟರ್ ಸೂಪರ್ ಆಗಿದೆ. ತೋಳು ಬೆರಳ ತನಕ ಬರುತ್ತೆ. ಆದರೂ ಕೈ ಮಾತ್ರ ಐಸ್ ಅಮ್ಮ. ನಿನ್ನೆ ಬೆರಳು ಬೆಳ್ಳಗಾಗಿತ್ತು, ಕ್ಲಾಸಲ್ಲಿ ಎಲ್ಲರಿಗೂ ತೋರಿಸಿದೆ.”

“ಐಸ್‌ಕ್ಯಾಂಡಿ ತಿಂದಿರ್ತೀಯ ಕಳ್ಳಿ,” ಎಂದು ನಕ್ಕಳು ತಾಯಿ. ನಗುವಾಗ ತುಟಿಯ ಕೊನೆ ಎಳೆದ ಹಾಗಾಯಿತು. ಅದನ್ನು ಮಾತ್ರ ಗಮನಿಸಿದಳು.

ಕೋಟು ತುಸು ಬಿಗಿ ಅನ್ನಿಸತೊಡಗಿತ್ತು. ತಾನು ಕರಗುತ್ತಿದ್ದಾಳೆ, ಕೋಟು ಬಿಗಿಯಾಗುತ್ತಿದೆ, ಇದೇನು ಲೆಕ್ಕ? ಒಂದು ಸಂಜೆ, ಅಮಾವಾಸ್ಯೆಯ ಮಾರನೇ ದಿನ, ಅಂಗಡಿಯಲ್ಲಿ ದೀಪದ ಕೆಳಗೆ ಅದನ್ನು ಒಳಮೈ ಹೊರಗೆ ಮಾಡಿ ಹರವಿದಳು. ತನ್ನ ಹೊಲಿಗೆ ಅಲ್ಲೇ ಇತ್ತು. ಅದರ ಒಳಮಗ್ಗುಲಿಗೆ ಇನ್ನೊಂದು ಸಾಲು ಹೊಲಿಗೆ. ಅದರ ಪಕ್ಕ ಮತ್ತೊಂದು. ಒಂದರ ಮೇಲೊಂದು ಅಮಾವಾಸ್ಯೆ ಕಳೆದ ಹಾಗೆ ಸಾಲು ಮೈಯ ಕಡೆಗೆ ಸರಿದು ಬಂದಿತ್ತು. ಕೈ ಹೊಲಿಗೆ, ಸಣ್ಣಗೆ, ಸಮವಾಗಿ, ತಾಳ್ಮೆಯಿಂದ ಹಾಕಿದ್ದು. ದಾರ ಅಂಗಡಿಯದಲ್ಲ. ಮೂಗಿಗೆ ಹಿಡಿದಳು. ಸುಟ್ಟ ಕೂದಲು.

“ಮಾಮ, ಇದನ್ನ ನೀವೇನಾದ್ರೂ...?”

“ನನ್ನ ಮಿಷನ್ ಬಿಟ್ಟು ಸೂಜಿ ಮುಟ್ಟಿ ಎಷ್ಟು ಕಾಲ ಆಯ್ತು ಗೊತ್ತಾ ನಿನಗೆ? ನಮ್ಮನೆಯವಳು ಗುಂಡಿ ಹಾಕಿಕೊಡು ಅಂದ್ರೂ ಓವರ್‌ಲಾಕ್ ಮಾಡಿಕೊಡ್ತೀನಿ,” ಎಂದ ಮಾಮ. ಆದರೆ ಅವಳ ಮುಖ ನೋಡಿ ತಮಾಷೆ ಅಲ್ಲಿಗೇ ನಿಂತಿತು. “ಕತ್ತರಿಯಮ್ಮ... ಬಾಯಿ ಯಾಕೆ ಹಾಗಾಗಿದೆ?”

ಅವಳು ಓಡಿಹೋಗಿ ಗಿರಾಕಿಗಳ ನಿಲುಗನ್ನಡಿ ನೋಡಿದಳು. ಹಣೆಯ ಗೆರೆ ಅಳಿಸಿ ಹೋಗಿತ್ತು. ಮೂಗು ಚೂಪಾಗಿತ್ತು. ತುಟಿಯ ಸುತ್ತ ನೂಲು ಎಳೆದು ನಿರಿಗೆ ಹಿಡಿದಂತೆ ಬಾಯಿ ಚಿಕ್ಕದಾಗಿತ್ತು. ಹಿಂದೆ ಕತ್ತಲಲ್ಲಿ ಕೂತಿದ್ದ ಅಜ್ಜಿಯ ಮುಖವೂ ಅದೇ ಕನ್ನಡಿಯಲ್ಲಿ ಕಾಣುತ್ತಿತ್ತು. ಎರಡೂ ಮುಖ ಒಂದೇ ಅಚ್ಚು.

ಆದರೂ ಅವಳು ಆಸ್ಪತ್ರೆಗೇ ಹೋದಳು, ಹೋದದ್ದು ಸರಿಯೇ. ಡಾಕ್ಟರಮ್ಮ ಅವಳ ಮುಂಗೈಯ ಚರ್ಮ ಚಿವುಟಲು ನೋಡಿದರು. ಚಿವುಟಿಗೆ ಸಿಗಲಿಲ್ಲ. ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ನುಂಗುವಾಗ ಅನ್ನ ಎದೆಯಲ್ಲಿ ನಿಲ್ಲುತ್ತಾ ಎಂದರು. ನಿಲ್ಲುತ್ತಿತ್ತು. ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಾ ಎಂದರು. ಸಾಲುತ್ತಿರಲಿಲ್ಲ.

“ಸ್ಕ್ಲೆರೋಡರ್ಮಾ ಅಂತಾರಮ್ಮ ಇದಕ್ಕೆ. ಚರ್ಮ ದಪ್ಪಗಾಗಿ ಬಿಗಿಯುತ್ತೆ. ಹೊರಗಿನದು ಕಣ್ಣಿಗೆ ಕಾಣುತ್ತೆ, ನನಗೆ ಭಯ ಒಳಗಿನದು. ಅನ್ನನಾಳ, ಶ್ವಾಸಕೋಶ, ಕೆಲವರಿಗೆ ಮೂತ್ರಪಿಂಡ, ಎಲ್ಲಾ ಕಡೆ ಗಾಯದ ಕಲೆ ಥರ ಗಟ್ಟಿಯಾಗ್ತಾ ಹೋಗುತ್ತೆ. ನಿಮ್ಮ ಶ್ವಾಸಕೋಶದಲ್ಲಿ ಶುರುವಾಗಿದೆ. ಔಷಧಿ ಬಿಡಬೇಡಿ, ತಡೆದು ಹಿಡಿಯೋಣ.”

“ಯಾಕೆ ಬಂತು ಡಾಕ್ಟ್ರೇ?”

“ಯಾಕೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲಮ್ಮ. ಮನೇಲಿ ಯಾರ್ಯಾರಿದ್ದೀರ?”

“ನಾನೇ ಇದ್ದೀನಿ,” ಎಂದಳು.

ಔಷಧಿ ತಪ್ಪದೆ ನುಂಗಿದಳು. ಬಿಗಿತ ನಿಧಾನವಾಯಿತು, ನಿಲ್ಲಲಿಲ್ಲ. ಕೋಟನ್ನು ಮೈಯಿಂದ ತೆಗೆದು ಅಂಗಡಿಯ ಮೊಳೆಗೆ ಹಾಕಿದ್ದೂ ಆಗಿತ್ತು. ಮೈಯ ಮೇಲೆ ಇಲ್ಲದಿದ್ದರೂ ಅದು ಬಿಗಿಯುತ್ತಲೇ ಇತ್ತು. ರಜೆ ಹತ್ತಿರ ಬಂತು. ಕೈ ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಮಗಳು ಅಕ್ಕನ ಮನೆಯಲ್ಲೇ ಉಳಿದಳು. ಬಾಗಿಲ ಹಿಂದಿನ ಗಿಡ್ಡ ಮೊಳೆಯನ್ನು ನೋಡುವುದೇ ಅವಳಿಗೆ ಆಗದಾಯಿತು.

ಒಂದು ಮಧ್ಯಾಹ್ನ ಮೋಡ ಕವಿದು ಬೀದಿಯೆಲ್ಲ ಮಸಿ ಬಳಿದ ಹಾಗಾಯಿತು. ಕರೆಂಟು ಹೋಯಿತು. ಯಜಮಾನನೂ ಮಾಮನೂ ಊಟಕ್ಕೆ ಹೋಗಿದ್ದರು. ಕತ್ತರಿಯಮ್ಮ ಬಟ್ಟೆಗೆ ಪಿನ್ನು ಹಾಕಹೋಗಿ, ಬೆರಳು ಬಾಗದೆ ಪಿನ್ನುಗಳನ್ನೆಲ್ಲ ಚೆಲ್ಲಿ, ನೆಲದ ಮೇಲೆ ಕೂತುಬಿಟ್ಟಳು.

“ಅಜ್ಜಿ. ಹೇಳಿ.”

ಕತ್ತಲಿನೊಳಗಿಂದ ಅಜ್ಜಿಯ ದನಿ ಮಾತ್ರ ಬಂತು. “ಅದು ನನಗೆ ಅಂತ ಹೊಲಿದ ಕೋಟು ಕಣಮ್ಮ. ನಮ್ಮಕ್ಕನಿಗೆ ನನ್ನ ಕಂಡರೆ ಆಗ್ತಿರಲಿಲ್ಲ. ಮಂತ್ರ ಗೊತ್ತಿದ್ದವಳೊಬ್ಬಳ ಹತ್ತಿರ ದಾರ ಮಾಡಿಸ್ಕೊಂಡು ಬಂದಳು, ನನ್ನ ಕೂದಲು ಸುಟ್ಟು ಮಾಡಿದ ದಾರ. ಪ್ರತಿ ಅಮಾವಾಸ್ಯೆಗೆ ಕೋಟು ತಂದು, ‘ತಂಗಿ ಸೊರಗ್ತಿದ್ದಾಳೆ ಮೇಸ್ತ್ರಿ, ಈ ದಾರದಲ್ಲೇ ಬೆರಳಷ್ಟು ಒಳಗೆ ಹಿಡೀರಿ’ ಅನ್ನೋಳು. ಆತನಿಗೇನು ಗೊತ್ತು, ಹಿಡಿದ. ಹಿಡಿದ ಹಾಗೆಲ್ಲ ನಾನು ಬಿಗಿದೆ. ಒಂದು ದಿನ ನಾನೇ ಬಂದೆ. ನನ್ನ ಕೈ ನೋಡಿ ಆತನಿಗೆ ತಿಳೀತು. ಅವತ್ತೇ ಬಿಚ್ಚಿದ. ಒಳಗೆ ಬಟ್ಟೆ ಇತ್ತು, ನಾನು ಉಳಿದೆ. ಅದಕ್ಕೇ ಆ ಕಟ್ಟಳೆ. ಕೋಟು ಸುಟ್ಟರೆ ಅದರೊಳಗಿರೋ ನಾನೂ ಸುಡ್ತೀನಿ, ಹಾಗಾಗಿ ಅದು ಮೊಳೆ ಮೇಲೆ ಉಳೀತು.”

“ಹಾಗಾದರೆ ಬಿಚ್ಚಿಬಿಡಿ ಅಜ್ಜಿ!”

“ಒಳಗೆ ಬಿಟ್ಟಿದ್ದೀಯ?”

ಹೊರಗೆ ಗುಡುಗು ಉರುಳಿತು.

“ಇಲ್ಲ.”

ಅಜ್ಜಿಯ ಉಸಿರು ಕೇಳಿಸಿತು. “ಚೂರು? ಕತ್ತರಿಸಿದ ಚೂರು ಎಲ್ಲಿ ಹಾಕಿದೆ?”

ಕತ್ತರಿಯಮ್ಮ ಬಾಯಿ ತೆರೆದಳು. ಎಷ್ಟು ತೆರೆಯಲಾಗುತ್ತಿತ್ತೋ ಅಷ್ಟು. ಎಡಗೈ ಮಣಿಕಟ್ಟಿನ ಮೇಲೆ ಏನೋ ಮಿಡಿಯಿತು. ಅವಳು ಕಣ್ಣು ತಗ್ಗಿಸಿದಳು.

ದಿಂಬು.

ಮುಳ್ಳುಹಂದಿಯ ಹಾಗೆ ಪಿನ್ನು. ತಲೆಯ ತನಕ ಇಳಿದ ಪಿನ್ನು. ಚಳಿಗಾಲವೆಲ್ಲ ತಾನೇ ಚುಚ್ಚಿದ್ದು. ಬಟ್ಟೆ ಹಿಡಿಯುವಾಗ ಕಿತ್ತದ್ದು, ಕೆಲಸ ಮುಗಿದಾಗ ಚುಚ್ಚಿದ್ದು. ಚುಚ್ಚಿದ್ದು. ಮತ್ತೆ ಚುಚ್ಚಿದ್ದು. ಹೊರಗೆ ಕೋಟು ಚರ್ಮ ಹಿಡಿಯಿತು. ಒಳಗನ್ನು ತನ್ನ ಕೈಯೇ ಕೊರೆಯಿತು.

“ಕೀಳು,” ಎಂದಳು ಅಜ್ಜಿ. “ಒಂದೊಂದೇ. ಕೂಗಿಕೊಂಡರೂ ಸರಿ, ನಿಲ್ಲಿಸಬೇಡ.”

ಒಂದು ಕಿತ್ತಳು. ಗಂಟಲೊಳಗೆ ಕಿಡಿ ಎಳೆದ ಹಾಗಾಯಿತು. ಇನ್ನೊಂದು. ಬಲ ಪಕ್ಕೆ. ಇನ್ನೊಂದು. ಸೊಂಟದ ಹಿಂದೆ, ಆಳದಲ್ಲಿ. ಬೆರಳು ಜಾರಿತು. ಹಲ್ಲಿನಿಂದ ಕಚ್ಚಿದಳು. ಕಿತ್ತಳು. ನೆಲದ ಮೇಲೆ ಟಿಣ್ ಎಂದಿತು. ಮೂಲೆಯ ಕತ್ತಲಲ್ಲಿ ಮೊಳೆಯ ಮೇಲಿನ ಕೋಟು ಗಾಳಿಯಿಲ್ಲದೆ ಅಲುಗಿತು. ನೂಲು ಎಳೆಯುವ ಸದ್ದು. ಸೊರ್ರ್. ಸೊರ್ರ್. ಯಾರೋ ಹೊಲಿಯುತ್ತಿದ್ದರು. ಅವಳು ಕೀಳುತ್ತಿದ್ದಳು. ಅದು ಹೊಲಿಯುತ್ತಿತ್ತು. ಕಿತ್ತಳು. ಹೊಲಿಯಿತು. ಉಸಿರಿಲ್ಲ. ಕೊನೆಯದು. ತಲೆ ಮುರಿಯಿತು. ಉಗುರು ಹಾಕಿದಳು. ಬಂತು!

ಗಾಳಿ ಎದೆಯೊಳಗೆ ನುಗ್ಗಿತು. ಪೂರ್ತಿಯಲ್ಲ, ಆದರೂ ನುಗ್ಗಿತು.

ಅಜ್ಜಿ ಕೋಟನ್ನು ಇಳಿಸಿ ಮಂಡಿಯ ಕೆಳಗೆ ಅದುಮಿ ಹಿಡಿದು ಆ ಸುಟ್ಟ ಕೂದಲಿನ ದಾರವನ್ನು ಬಿಚ್ಚತೊಡಗಿದಳು. ದಿಂಬು ಹರಿದು ಚೂರು ಹರವಿದರೆ ಒಂದೊಂದೂ ಜರಡಿ. “ತೂತು ತೂತೇ. ಅದು ಮುಚ್ಚಲ್ಲ ಕಣಮ್ಮ,” ಎಂದಳು. “ಹೊರಗಿನದು ಸಡಿಲವಾದೀತು. ಒಳಗಿನ ಗಾಯ ಹಾಗೇ ಇರುತ್ತೆ.” ಕೊಕ್ಕೆಯ ಬೆರಳಲ್ಲಿ ಚೂರಿಗೆ ಚೂರು ಕೂಡಿಸಿ ಪಕ್ಕಕ್ಕೆ, ಬೆನ್ನಿಗೆ ಕೊಟ್ಟಳು. ತೋಳಿಗೆ ಬಂದಳು. ನಿಂತಳು.

“ತೋಳಿನ ಪಟ್ಟಿ?”

ಆಗ ಕತ್ತರಿಯಮ್ಮನಿಗೆ ಪುಟ್ಟಿಯ ಮಾತು ಕೇಳಿಸಿತು. ಬೆರಳು ಬೆಳ್ಳಗಾಗಿತ್ತು, ಎಲ್ಲರಿಗೂ ತೋರಿಸಿದೆ.

ಫೋನಿನಲ್ಲಿ ಅವಳು ಕಿರುಚಿದ್ದಕ್ಕೆ ಅಕ್ಕ ಹೆದರಿ ಭಾನುವಾರವೇ ಹೊರಟು ಬಂದಳು. “ಬಿಚ್ಚು ಅಂದ್ರೆ ಕೇಳಬೇಕಲ್ಲ ನಿನ್ನ ಮಗಳು? ಅಮ್ಮ ಹೊಲಿದದ್ದು, ಬಿಚ್ಚಲ್ಲ ಅಂತ ಒಂದೇ ಹಟ,” ಎಂದು ಅಂಗಡಿಯ ಬಾಗಿಲಲ್ಲೇ ಗೊಣಗಿದಳು. ಸ್ವೆಟರ್ ತೊಟ್ಟೇ ಇದ್ದ ಪುಟ್ಟಿ ಓಡಿ ಬರುತ್ತಿದ್ದವಳು ತಾಯಿಯ ಮುಖ ಕಂಡು ಅರ್ಧದಲ್ಲೇ ನಿಂತಳು. ಅವಳ ಬೆರಳ ತುದಿಗಳು ಬೆಳ್ಳಗಿದ್ದವು.

ಅಜ್ಜಿ ಅವಳನ್ನು ಹೊಸ್ತಿಲ ಹೊರಗೇ ಕೂರಿಸಿ ತೋಳಿನ ಪಟ್ಟಿ ಬಿಚ್ಚಿದಳು. ಬಿಚ್ಚಿ ಮುಗಿದ ಗಳಿಗೆಗೆ ಮಗುವಿನ ಬೆರಳು ನೀಲಿಯಾಗಿ, ಕೆಂಪಾಗಿ, ಮಗುವಿನ ಬೆರಳೇ ಆಯಿತು. “ಕಚಗುಳಿ ಆಗುತ್ತೆ ಅಜ್ಜಿ,” ಎಂದು ಕೈ ಕೊಡವಿದಳು.

ಅಜ್ಜಿ ಒಳಗೆ ಬಂದು ಪಟ್ಟಿಗಳನ್ನು ಕತ್ತರಿಯಮ್ಮನ ಮುಂದಿಟ್ಟಳು. “ಇದನ್ನ ಕೋಟಿಗೆ ಹೊಲಿದರೆ ನಿನ್ನ ಕೈ ಸಡಿಲವಾಗುತ್ತೆ. ಮೊದಲಿನ ಹಾಗೆ ಕತ್ತರಿ ಹಿಡೀತೀಯ. ಆದರೆ ಇದು ಮಗುವಿನ ಮೈಶಾಖ ಕುಡಿದಿದೆ. ಹೊಲಿದರೆ ಅವಳೂ ಕೋಟಿನೊಳಗೆ ಬರ್ತಾಳೆ.”

“ಹೊಲಿಯಬೇಡಿ.”

“ಯೋಚನೆ ಮಾಡು.”

“ಮಾಡಿದೆ. ಬೇಡ.”

“ಹಾಗಾದರೆ ಇನ್ನೊಂದು ಮಾತು ಕೇಳಬೇಕಾಗುತ್ತೆ.” ಅಜ್ಜಿ ಬಾಗಿಲ ಕಡೆ ನೋಡಿದಳು. “ಪಟ್ಟಿ ಅವಳ ಗುರುತು ಹಿಡಿದಾಗಿದೆ. ಕೋಟು ಇರೋ ಸೂರಿನ ಕೆಳಗೆ ಆ ಮಗು ಇರಬಾರದು. ಇವತ್ತಲ್ಲ, ಯಾವತ್ತೂ.”

“ಕೋಟು ಇಲ್ಲೇ ಇರಲಿ. ನಾನು ಅವಳ ಜೊತೆ ಹೋಗ್ತೀನಿ.”

“ನೀನು ಅದರೊಳಗಿದ್ದೀಯಲ್ಲಮ್ಮ. ನೀನು ಹೋದ ಕಡೆ ಅದು ಬಂದೇ ಬರುತ್ತೆ. ಬೇರೆ ಹೆಸರಲ್ಲಿ, ಬೇರೆ ಬಟ್ಟೆಯಲ್ಲಿ.” ಪಟ್ಟಿಗಳನ್ನು ಮಡಚುತ್ತ ಸೇರಿಸಿದಳು: “ನನಗೂ ಒಬ್ಬ ಮಗ ಇದ್ದಾನೆ. ಈಗ ತಲೆ ನರೆತಿದೆಯಂತೆ.”

ಆ ರಾತ್ರಿ ಅಕ್ಕನೂ ಪುಟ್ಟಿಯೂ ಯಜಮಾನನ ಮನೆಯಲ್ಲಿ ಮಲಗಿದರು. ಕತ್ತರಿಯಮ್ಮ ತನ್ನ ಕೋಣೆಯಲ್ಲಿ, ಗಿಡ್ಡ ಮೊಳೆಯನ್ನು ಕೀಳಲು ನೋಡಿ, ಬೆರಳು ಕೇಳದೆ, ಬಿಟ್ಟಳು.

ಬೆಳಿಗ್ಗೆ ಅಂಗಡಿಯ ಮುಂದೆ ಗಾಡಿ ಬಂದು ನಿಂತಿತು. ಪುಟ್ಟಿ ಗಿಡ್ಡ ತೋಳಿನ ಸ್ವೆಟರ್ ತೊಟ್ಟು ಮೆಟ್ಟಿಲ ಕೆಳಗೆ ನಿಂತಿದ್ದಳು.

“ಬಟ್ಟೆ ಎಲ್ಲಾ ತಂದಿದ್ದೆ ಅಮ್ಮ ನಾನು. ಇಲ್ಲೇ ಇರೋಕೆ.”

“ಇನ್ನೊಂದು ಸಲ ಚಿನ್ನ. ಈಗ ದೊಡ್ಡಮ್ಮನ ಜೊತೆ ಹೋಗು.”

“ನನ್ನ ಮೇಲೆ ಸಿಟ್ಟಾ?”

“ಇಲ್ಲ ಕಣೇ. ಇಲ್ಲ.”

ತಾಯಿ ನಗಲು ನೋಡಿದಳು. ಒಳಗಿನ ನಗು ಚರ್ಮದ ತನಕ ಬಂದು ನಿಂತಿತು. ಅಳಲು ನೋಡಿದಳು, ಅದಕ್ಕೂ ಮುಖದಲ್ಲಿ ಜಾಗ ಇರಲಿಲ್ಲ. ಗಾಡಿ ಹತ್ತುತ್ತ ಮಗು ದೊಡ್ಡಮ್ಮನನ್ನು ಮೆಲ್ಲಗೆ ಕೇಳಿದ್ದು ಅವಳಿಗೆ ಕೇಳಿಸಿತು: “ಸಿಟ್ಟಿಲ್ಲದಿದ್ದರೆ ಯಾಕೆ ಹಾಗೆ ನೋಡ್ತಾಳೆ?”

ಆಮೇಲೆ ಬಹಳ ಕಾಲ ಕತ್ತರಿಯಮ್ಮ ಆ ಅಂಗಡಿಯಲ್ಲೇ ಇದ್ದಳು, ಕಾಜಾ ಅಜ್ಜಿಯ ಪಕ್ಕದ ಮಣೆಯ ಮೇಲೆ, ಗುಂಡಿ ಹಾಕುತ್ತ. ಮಗಳು ಫೋನ್ ಮಾಡಿದಾಗ ಮಾತ್ರ ನಗುತ್ತಿದ್ದಳಂತೆ. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ. ಪುಟ್ಟಿ ಹೊರಟುಹೋದದ್ದು ಸೋಮವಾರ, ಚಳಿ ಬಿಟ್ಟು ಬಿಸಿಲು ಬಂದ ಮೊದಲ ದಿನ.